ಒಂದೇ ಮನೆ, ಒಂದೇ ಲಸಿಕೆ, ಎರಡು ಪರಿಣಾಮ: ಲಾಂಗ್ ಕೋವಿಡ್‌ನ ಒಂದು ಪ್ರಕರಣ

ಈ ಪ್ರಕರಣದ ಇಬ್ಬರೂ ಮಲೆನಾಡಿನ ಒಂದು ಅಡಿಕೆ ಬೆಳೆಗಾರರ ಕೂಡುಕುಟುಂಬದ ಸೊಸೆಯಂದಿರು, ಪರಸ್ಪರ ಓರಗಿತ್ತಿಯರು. ಗುರುತು ಸಿಗಬಾರದೆಂದು ಊರು, ವಯಸ್ಸು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಾಯಿಲೆಯ ಹಾದಿಯನ್ನೂ ತೆಗೆದುಕೊಂಡ ತೀರ್ಮಾನಗಳನ್ನೂ ಬದಲಿಸಿಲ್ಲ. ಇಬ್ಬರಿಗೂ ಒಂದೇ ವಾರದಲ್ಲಿ ಕೋವಿಡ್ ಬಂತು, ಇಬ್ಬರಲ್ಲೂ ಅದು ತಿಂಗಳುಗಟ್ಟಲೆ ಉಳಿಯಿತು, ಇಬ್ಬರೂ ಒಂದೇ ದಿನ ಒಂದೇ ಲಸಿಕೆ ಪಡೆದರು. ನಂತರ ಹಿರಿಯವರು ಚೇತರಿಸಿಕೊಂಡರು, ಕಿರಿಯವರು ಹಾಸಿಗೆ ಹಿಡಿದರು. ಆ ವ್ಯತ್ಯಾಸವನ್ನು ನಾವು ಹೇಗೆ ಅರ್ಥಮಾಡಿಕೊಂಡೆವು, ಎರಡನೆಯ ಡೋಸಿನ ವಿಷಯದಲ್ಲಿ ಏನು ನಿರ್ಧರಿಸಿದೆವು ಎಂಬುದು ಲಾಂಗ್ ಕೋವಿಡ್ ರೋಗಿಗಳನ್ನು ನೋಡುವ ವೈದ್ಯರಿಗೂ ಅವರನ್ನು ಮನೆಯಲ್ಲಿಟ್ಟುಕೊಂಡವರಿಗೂ ಉಪಯೋಗಕ್ಕೆ ಬರಬಹುದೆಂದು ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

2021ರ ಏಪ್ರಿಲ್ ಕೊನೆಯಲ್ಲಿ ರಾಜ್ಯದಲ್ಲಿ ಕರ್ಫ್ಯೂ ಜಾರಿಯಾದ ಹೊತ್ತಿಗೆ ಎರಡನೆಯ ಅಲೆ ಹಳ್ಳಿಗಳಿಗೂ ಇಳಿದಿತ್ತು. ಮೇ ಮೊದಲ ವಾರದಲ್ಲಿ ಈ ಮನೆಯ ಬಹುತೇಕ ಎಲ್ಲರಿಗೂ ಸೋಂಕು ತಗುಲಿತು. ಮಾವ ಆಮ್ಲಜನಕದ ಹಾಸಿಗೆಯಲ್ಲಿದ್ದು ಮನೆಗೆ ಮರಳಿದರು. ಸೊಸೆಯರಿಬ್ಬರೂ ಆಸ್ಪತ್ರೆಗೆ ದಾಖಲಾಗಲಿಲ್ಲ. ಆಶಾ ಕಾರ್ಯಕರ್ತೆ ಬಂದು ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ ನೋಡಿದಾಗಲೆಲ್ಲ ಆಮ್ಲಜನಕದ ಪ್ರಮಾಣ ಸರಿಯಾಗಿಯೇ ಇತ್ತು. ಜ್ವರ ಬಿಟ್ಟ ಕೂಡಲೇ ಇಬ್ಬರೂ ಅಡುಗೆ, ಕೊಟ್ಟಿಗೆ, ಮಾವನ ಆರೈಕೆ ಎಂದು ಎದ್ದು ಓಡಾಡಲೇಬೇಕಾಯಿತು.

ಮೂರು ತಿಂಗಳು ಕಳೆದರೂ ಅವರು ಮೊದಲಿನಂತಾಗಲಿಲ್ಲ. ನಲವತ್ತರ ಮಧ್ಯದಲ್ಲಿದ್ದ ಹಿರಿಯ ಸೊಸೆಗೆ ಒಣಕೆಮ್ಮು, ಎದೆಬಿಗಿತ ಮತ್ತು ಸಂಜೆಯಾಗುತ್ತಲೇ ಆವರಿಸುವ ಸುಸ್ತು ಉಳಿದಿದ್ದವು. ಇವೆಲ್ಲಕ್ಕಿಂತ ಅವರನ್ನು ಹೆಚ್ಚು ಕಾಡಿದ್ದು ವಾಸನೆಯ ತೊಂದರೆ: ಕಾಯ್ದ ಎಣ್ಣೆ, ಈರುಳ್ಳಿ, ಕಾಫಿ ಎಲ್ಲವೂ ಸುಟ್ಟ ರಬ್ಬರಿನಂತೆ ನಾರುತ್ತಿದ್ದರಿಂದ ಒಗ್ಗರಣೆಯ ಹೊತ್ತಿಗೆ ಅವರು ಅಡುಗೆಮನೆಯಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮೂವತ್ತರ ಕೊನೆಯಲ್ಲಿದ್ದ ಕಿರಿಯ ಸೊಸೆ ಊರಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವರು. ಅವರಿಗೆ ನಿಂತರೆ ಎದೆ ಡವಗುಟ್ಟುತ್ತಿತ್ತು, ಬಚ್ಚಲುಮನೆಯಲ್ಲಿ ಬಿಸಿನೀರು ಹಾಕಿಕೊಂಡರೆ ಕಣ್ಣುಕತ್ತಲೆ ಬರುತ್ತಿತ್ತು, ಕೂಡುವ ಲೆಕ್ಕ ಮಧ್ಯದಲ್ಲೇ ಮರೆತುಹೋಗುತ್ತಿತ್ತು. ಒಂದು ದಿನ ಸ್ವಲ್ಪ ಹೆಚ್ಚು ಕೆಲಸ ಮಾಡಿದರೆ ಮರುದಿನವೋ ಅದರ ಮರುದಿನವೋ ಏಳಲಾಗುತ್ತಿರಲಿಲ್ಲ.

ರಕ್ತಪರೀಕ್ಷೆ, ಥೈರಾಯ್ಡ್, ಸಕ್ಕರೆ, ಎದೆಯ ಎಕ್ಸ್‌ರೇ, ಇಸಿಜಿ, ಹೃದಯದ ಸ್ಕ್ಯಾನ್ ಆದ ಎಕೋ ಎಲ್ಲವೂ ಸರಿಯಾಗಿದ್ದವು. ಪರೀಕ್ಷೆಯಲ್ಲಿ ಏನೂ ಸಿಗದಿರುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಆದರೆ ಮನೆಯವರ ಕಣ್ಣಿಗೆ ಅದು ಕಾಯಿಲೆಯೇ ಇಲ್ಲ ಎಂಬುದಕ್ಕೆ ಪುರಾವೆಯಾಗುತ್ತದೆ. 2006ರಲ್ಲಿ ಚಿಕುನ್‌ಗುನ್ಯಾ ಹಬ್ಬಿದಾಗ ಜ್ವರ ಬಿಟ್ಟ ಎಷ್ಟೋ ತಿಂಗಳ ಮೇಲೂ ಗಂಟುನೋವಿನಿಂದ ನರಳಿದವರನ್ನು ಈ ಊರು ಕಂಡಿದೆ, ಮಂಗನ ಕಾಯಿಲೆ ಬಂದುಹೋದವರ ದೀರ್ಘ ನಿಶ್ಶಕ್ತಿಯನ್ನೂ ಕಂಡಿದೆ. ವೈರಸ್ ಹೋದ ಮೇಲೂ ಕಾಯಿಲೆ ಉಳಿಯಬಹುದೆಂದು ಇಲ್ಲಿನವರಿಗೆ ಹೊಸದಾಗಿ ಹೇಳಿಕೊಡಬೇಕಿರಲಿಲ್ಲ. ಆದರೂ ಊದಿಕೊಂಡ ಮೊಣಕಾಲನ್ನು ನಂಬಿದಷ್ಟು ಸುಲಭವಾಗಿ ಹೊರಗೆ ಕಾಣದ ಎದೆಬಡಿತವನ್ನು ಯಾರೂ ನಂಬಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಲಾಂಗ್ ಕೋವಿಡ್‌ಗೆ ವ್ಯಾಖ್ಯೆ ಕೊಟ್ಟಿದ್ದು 2021ರ ಅಕ್ಟೋಬರ್‌ನಲ್ಲಿ: ಸೋಂಕು ತಗುಲಿ ಸಾಮಾನ್ಯವಾಗಿ ಮೂರು ತಿಂಗಳಾದಾಗ ಲಕ್ಷಣಗಳಿರಬೇಕು, ಅವು ಕನಿಷ್ಠ ಎರಡು ತಿಂಗಳು ಮುಂದುವರಿದಿರಬೇಕು, ಬೇರೆ ಯಾವ ಕಾಯಿಲೆಯಿಂದಲೂ ಅವನ್ನು ವಿವರಿಸಲಾಗಬಾರದು. ಇಬ್ಬರೂ ಈ ಮೂರಕ್ಕೂ ಹೊಂದುತ್ತಿದ್ದರು.

ಸಮಸ್ಯೆ ಎದುರಾದ ಬಗೆ

ಕೋವಿಡ್‌ನಿಂದ ಗುಣವಾದವರು ಮೂರು ತಿಂಗಳು ಕಾದು ಲಸಿಕೆ ಪಡೆಯಬೇಕೆಂದು ಕೇಂದ್ರ ಸರ್ಕಾರ 2021ರ ಮೇ ತಿಂಗಳಲ್ಲಿ ಸೂಚಿಸಿತ್ತು. ಅದರಂತೆ ಆಗಸ್ಟ್ ಕೊನೆಯ ವಾರ ಶಾಲೆಯಲ್ಲಿ ನಡೆದ ಶಿಬಿರಕ್ಕೆ ಹೋಗಿ ಇಬ್ಬರೂ ಕೋವಿಶೀಲ್ಡ್‌ನ ಮೊದಲ ಡೋಸ್ ಪಡೆದರು.

ಹಿರಿಯ ಸೊಸೆಗೆ ಒಂದು ರಾತ್ರಿ ಜ್ವರ ಬಂತು. ಮೂರನೆಯ ವಾರದಿಂದ ಕೆಮ್ಮು ಇಳಿಯಿತು, ಸಂಜೆಯ ಸುಸ್ತು ಕಡಿಮೆಯಾಯಿತು, ಸೆಪ್ಟೆಂಬರ್ ಮುಗಿಯುವುದರೊಳಗೆ ಕಾಫಿ ಕಾಫಿಯಂತೆಯೇ ಘಮಿಸತೊಡಗಿತು. ಕಿರಿಯ ಸೊಸೆಗೆ ಎರಡು ದಿನ ಜ್ವರವಿತ್ತು. ಎರಡನೆಯ ವಾರದಲ್ಲಿ ಎದೆಬಡಿತ, ತಲೆಸುತ್ತು, ಮಂಕು ಮೂರೂ ಒಟ್ಟಿಗೆ ಏರಿದವು. ಅನ್ನ ಬಸಿಯುವಷ್ಟು ಹೊತ್ತೂ ಅವರು ನಿಲ್ಲಲಾಗುತ್ತಿರಲಿಲ್ಲ. ಸಂಘದ ಕೆಲಸಕ್ಕೆ ರಜೆ ಹಾಕಿದರು.

"ಇಬ್ಬರಿಗೂ ಒಂದೇ ದಿನ ಒಂದೇ ಸೂಜಿ. ಅವಳು ಎದ್ದಳು, ಇವಳು ಮಲಗಿದಳು ಅಂದರೆ ಏನು ತಿಳಿಯಬೇಕು ಡಾಕ್ಟರೇ?" ಎಂದು ಅತ್ತೆ ಕೇಳಿದರು. ಆ ಪ್ರಶ್ನೆಯಲ್ಲಿ ಅನುಮಾನವೂ ಇತ್ತು, ನಿಜವಾಗಿ ತಿಳಿಯುವ ಆಸೆಯೂ ಇತ್ತು. ಕಿರಿಯ ಮಗ ಲಸಿಕೆಯೇ ಹಾಳುಮಾಡಿತೆಂದು ಖಚಿತವಾಗಿ ನಂಬಿದ್ದರು. ಹಿರಿಯ ಮಗನಿಗೆ ತಮ್ಮನ ಹೆಂಡತಿ ಕೆಲಸ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದೇ ಅನಿಸಿತ್ತು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ. ಒಬ್ಬರ ಚೇತರಿಕೆಯೇ ಇನ್ನೊಬ್ಬರ ಮೇಲಿನ ಆರೋಪವಾಗಿಬಿಟ್ಟಿತ್ತು. ನವೆಂಬರ್‌ನಲ್ಲಿ ಎರಡನೆಯ ಡೋಸಿನ ಸರದಿ ಬರುವುದರೊಳಗೆ ಇದಕ್ಕೆ ಒಂದು ಉತ್ತರ ಬೇಕಿತ್ತು.

ಇಂಥ ವ್ಯತ್ಯಾಸ ಈ ಮನೆಯಲ್ಲಿ ಮಾತ್ರ ಕಂಡದ್ದಲ್ಲ. 2021ರಲ್ಲಿ ಬ್ರಿಟನ್‌ನ ರೋಗಿಗಳ ಸಂಘಟನೆಯೊಂದು ಲಾಂಗ್ ಕೋವಿಡ್ ಇದ್ದು ಲಸಿಕೆ ಪಡೆದ 812 ಮಂದಿಯನ್ನು ವಿಚಾರಿಸಿತ್ತು: ಶೇ 57ರಷ್ಟು ಮಂದಿ ಸುಧಾರಿಸಿದ್ದೇವೆ ಎಂದರು, ಶೇ 19ರಷ್ಟು ಮಂದಿ ಹದಗೆಟ್ಟಿದ್ದೇವೆ ಎಂದರು, ಉಳಿದವರು ಏನೂ ಬದಲಾಗಲಿಲ್ಲ ಎಂದರು. ತಾವಾಗಿ ಉತ್ತರಿಸಿದವರ ಮಾತನ್ನು ಆಧರಿಸಿದ ಸಮೀಕ್ಷೆಯಾದ್ದರಿಂದ ಇದಕ್ಕೆ ಮಿತಿಯಿದೆ. ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಕಚೇರಿಯ ದತ್ತಾಂಶ ಬಳಸಿ 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಮೊದಲ ಡೋಸಿನ ನಂತರ ಲಾಂಗ್ ಕೋವಿಡ್ ಇದೆ ಎಂದು ಹೇಳುವ ಸಂಭವ ಶೇ 13ರಷ್ಟು, ಎರಡನೆಯ ಡೋಸಿನ ನಂತರ ಇನ್ನೂ ಶೇ 9ರಷ್ಟು ಇಳಿದಿತ್ತು. ಒಟ್ಟಾರೆ ಲೆಕ್ಕ ಲಸಿಕೆಯ ಪರವಾಗಿಯೇ ಇದೆ. ಸೋಂಕಿಗೆ ಮೊದಲೇ ಲಸಿಕೆ ಪಡೆದವರಲ್ಲಿ ಲಾಂಗ್ ಕೋವಿಡ್ ಬರುವುದು ಕಡಿಮೆ ಎಂಬುದಕ್ಕಂತೂ ಇನ್ನೂ ಗಟ್ಟಿಯಾದ ಆಧಾರಗಳಿವೆ. ಆದರೆ ಸರಾಸರಿಯೊಳಗೆ ಹದಗೆಟ್ಟವರೂ ಸೇರಿದ್ದಾರೆ; ನನ್ನೆದುರು ಕುಳಿತಿದ್ದ ಹೆಂಗಸು ಅವರಲ್ಲಿ ಒಬ್ಬರಾಗಿರಬಹುದಿತ್ತು.

ಹೀಗಾಗುವುದಕ್ಕೆ ಮುಂದಿಟ್ಟಿರುವ ವಿವರಣೆಗಳು ಹಲವು. ಕೆಲವರ ದೇಹದಲ್ಲಿ ವೈರಸ್ಸಿನ ತುಣುಕುಗಳು ಉಳಿದಿದ್ದು, ಲಸಿಕೆ ಹುರಿದುಂಬಿಸಿದ ರೋಗನಿರೋಧಕ ವ್ಯವಸ್ಥೆ ಅವನ್ನು ತೆಗೆದುಹಾಕುವುದರಿಂದ ಅವರು ಚೇತರಿಸಿಕೊಳ್ಳುತ್ತಿರಬಹುದು. ಇನ್ನು ಕೆಲವರಲ್ಲಿ ರೋಗನಿರೋಧಕ ವ್ಯವಸ್ಥೆ ಸ್ವಂತ ಅಂಗಾಂಶಗಳ ಮೇಲೆಯೇ ತಿರುಗಿರುತ್ತದೆ, ಅಥವಾ ಹೃದಯಬಡಿತ, ರಕ್ತದೊತ್ತಡಗಳನ್ನು ನಮಗರಿವಿಲ್ಲದೆಯೇ ನಿಯಂತ್ರಿಸುವ ಸ್ವಾಯತ್ತ ನರಮಂಡಲ ಹದತಪ್ಪಿರುತ್ತದೆ. ಅಂಥವರಿಗೆ ಲಸಿಕೆಯ ನಂತರದ ಜ್ವರ ಮತ್ತು ಉರಿಯೂತ ಹೊರೆಯಾಗುತ್ತಿರಬಹುದು. ಯಾರು ಯಾವ ಗುಂಪಿನವರೆಂದು ಮೊದಲೇ ಹೇಳುವ ಪರೀಕ್ಷೆ ಇಲ್ಲ.

ಮಾಡಿ ನೋಡಿದ್ದು

ಕಿರಿಯ ಸೊಸೆ ಮೊದಲು ಹೋದದ್ದು ಜಿಲ್ಲಾ ಕೇಂದ್ರದ ಒಂದು ಆಸ್ಪತ್ರೆಗೆ. ಅಲ್ಲಿ ಆತಂಕದ ಕಾಯಿಲೆ ಎಂದು ನಿದ್ರೆಯ ಮಾತ್ರೆ ಬರೆದುಕೊಟ್ಟರು. ದಿನವೂ ನಡೆಯಬೇಕು, ವಾರಕ್ಕಿಷ್ಟು ಎಂದು ದೂರ ಹೆಚ್ಚಿಸಬೇಕು ಎಂದೂ ಹೇಳಿದರು. ಅವರು ಶ್ರದ್ಧೆಯಿಂದ ಪಾಲಿಸಿದರು, ಪ್ರತಿ ಬಾರಿಯೂ ಎರಡು ದಿನಗಳ ನಂತರ ಕುಸಿದುಬಿದ್ದರು. ಶ್ರಮದ ನಂತರ ತಡವಾಗಿ ಬಂದು ಹೊಡೆಯುವ ಈ ಕುಸಿತ ಲಾಂಗ್ ಕೋವಿಡ್‌ನ ಒಂದು ಮುಖ್ಯ ಗುರುತು. ಇದನ್ನೇ ಪ್ರಧಾನ ಲಕ್ಷಣವಾಗುಳ್ಳ, ಕೋವಿಡ್‌ಗಿಂತ ಬಹಳ ಹಿಂದಿನಿಂದ ಗೊತ್ತಿರುವ ದೀರ್ಘಕಾಲದ ಆಯಾಸದ ಕಾಯಿಲೆಗೆ ವ್ಯಾಯಾಮವನ್ನು ಹಂತಹಂತವಾಗಿ ಹೆಚ್ಚಿಸುವ ಚಿಕಿತ್ಸೆ ಕೊಡಬಾರದೆಂದು ಬ್ರಿಟನ್‌ನಲ್ಲಿ ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ತನ್ನ ಮಾರ್ಗಸೂಚಿಯನ್ನೇ ಬದಲಿಸಿತು. ನಮ್ಮಲ್ಲಿ ಇಂದಿಗೂ "ಸ್ವಲ್ಪ ನಡೆದಾಡಿ, ಸರಿಹೋಗುತ್ತದೆ" ಎಂಬ ಸಲಹೆಯೇ ಮೊದಲು ಬರುತ್ತದೆ. ಅದು ಎಷ್ಟು ಜನರನ್ನು ಇನ್ನಷ್ಟು ಕೆಳಗೆ ತಳ್ಳಿರಬಹುದೆಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಮೊದಲ ತಿರುವು ಸಿಕ್ಕಿದ್ದು ಬಚ್ಚಲುಮನೆಯ ಮಾತಿನಿಂದ. ಬಿಸಿನೀರಿಗೆ ರಕ್ತನಾಳಗಳು ಹಿಗ್ಗುತ್ತವೆ, ರಕ್ತ ಕಾಲುಗಳತ್ತ ಇಳಿಯುತ್ತದೆ. ಅಷ್ಟಕ್ಕೇ ಕಣ್ಣುಕತ್ತಲೆ ಬರುತ್ತದೆ ಎಂದರೆ ನಿಂತಾಗ ದೇಹ ರಕ್ತವನ್ನು ಮೇಲಕ್ಕೆ ಹಿಡಿದಿಡುತ್ತಿಲ್ಲ ಎಂಬ ಅನುಮಾನ ಬರಬೇಕು. ಅವರನ್ನು ಮಲಗಿಸಿ ನಾಡಿ ಮತ್ತು ಬಿಪಿ ನೋಡಿ, ನಂತರ ಗೋಡೆಗೆ ಬೆನ್ನು ತಾಗಿಸಿ ಹತ್ತು ನಿಮಿಷ ನಿಲ್ಲಿಸಿ, ಪ್ರತಿ ನಿಮಿಷವೂ ಅಳೆದೆ. ವಯಸ್ಕರಲ್ಲಿ ನಿಂತ ಹತ್ತು ನಿಮಿಷದೊಳಗೆ ನಾಡಿ 30 ಅಥವಾ ಅದಕ್ಕಿಂತ ಹೆಚ್ಚು ಬಡಿತ ಏರಿದರೆ, ಬಿಪಿ ಇಳಿಯದಿದ್ದರೆ, ಇಂಥ ತೊಂದರೆ ತಿಂಗಳುಗಳಿಂದ ಇದ್ದರೆ ಅದನ್ನು ಪಾಟ್ಸ್ ಎನ್ನುತ್ತಾರೆ. ಅವರ ನಾಡಿ ಆ ಗಡಿಯನ್ನು ಎಷ್ಟೋ ದಾಟಿತು. ಎಂಟನೆಯ ನಿಮಿಷಕ್ಕೆ ಅವರು ಕುಳಿತುಬಿಟ್ಟರು. ಆ ಅಂಕಿಗಳನ್ನು ಬರೆದ ಹಾಳೆಯನ್ನು ಗಂಡನಿಗೂ ಅತ್ತೆಗೂ ತೋರಿಸಿದೆ. ಯಾರಿಗೂ ಕಾಣದಿದ್ದ ಕಾಯಿಲೆ ಆ ಹಾಳೆಯ ಮೇಲೆ ಮೊದಲ ಬಾರಿಗೆ ಎಲ್ಲರಿಗೂ ಕಂಡಿತು.

ಚಿಕಿತ್ಸೆ ಸರಳವಾಗಿತ್ತು. ದಿನಕ್ಕೆ ಎರಡೂವರೆ ಲೀಟರಿಗಿಂತ ಹೆಚ್ಚು ನೀರು, ಬಿಪಿ ಸರಿಯಿದ್ದುದರಿಂದ ಉಪ್ಪು ಹೆಚ್ಚಿಗೆ ಬೆರೆಸಿದ ಗಂಜಿ ಮತ್ತು ಮಜ್ಜಿಗೆ, ಹಗಲು ಹೊಟ್ಟೆಗೆ ಬಿಗಿಯಾದ ಪಟ್ಟಿ, ಸ್ಟೂಲಿನ ಮೇಲೆ ಕುಳಿತು ಉಗುರುಬೆಚ್ಚಗಿನ ನೀರಿನ ಸ್ನಾನ, ಕುಳಿತೇ ತರಕಾರಿ ಹೆಚ್ಚುವುದು. ಉಬ್ಬಸದ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಂಡು ಎದೆಬಡಿತ ನಿಧಾನಿಸುವ ಪ್ರೊಪ್ರನೊಲಾಲ್ ಮಾತ್ರೆಯನ್ನೂ ಕಡಿಮೆ ಪ್ರಮಾಣದಲ್ಲಿ ಕೊಟ್ಟೆ. ಲಸಿಕೆಯ ನಂತರ ಹದಗೆಟ್ಟ ವಿಚಾರವನ್ನು ಲಸಿಕೆಯ ನಂತರದ ಅಹಿತಕರ ಘಟನೆಗಳನ್ನು ದಾಖಲಿಸುವ ವ್ಯವಸ್ಥೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ವರದಿ ಮಾಡಿದೆವು. ಕಾರಣ ಲಸಿಕೆಯೇ ಎಂದು ಸಾಬೀತಾದ ಮೇಲೆಯೇ ವರದಿ ಮಾಡಬೇಕೆಂದಿಲ್ಲ; ಸಾಬೀತು ಆಗಬೇಕಾದರೆ ಮೊದಲು ವರದಿಯಾಗಬೇಕು. ಗಂಡನ ಕೋಪ ಸ್ವಲ್ಪ ಇಳಿದದ್ದು ಆ ಅರ್ಜಿ ತುಂಬಿದ ಮೇಲೆ.

ಎರಡನೆಯ ತಿರುವನ್ನು ತಂದವರು ಸ್ವತಃ ಕಿರಿಯ ಸೊಸೆ. ಎಷ್ಟು ಶ್ರಮ, ಎಷ್ಟು ಕುಸಿತ ಎಂದು ಬರೆದಿಡಲು ಹೇಳಿದಾಗ ಅವರು ಸಂಘದ ಖಾತೆ ಪುಸ್ತಕದ ಮಾದರಿಯಲ್ಲೇ ಎಡಗಡೆ ಮಾಡಿದ ಕೆಲಸ, ಬಲಗಡೆ ನಂತರದ ಎರಡು ದಿನಗಳ ಸ್ಥಿತಿ ಎಂದು ಬರೆಯತೊಡಗಿದರು. ಕ್ಯಾಲೆಂಡರ್ ನೋಡಿ, ಮನೆಯವರನ್ನು ಕೇಳಿ, ಹಿಂದಿನ ವಾರಗಳನ್ನೂ ನೆನಪಿನಿಂದ ತುಂಬಿದರು. ಆಗ ಒಂದು ಸಂಗತಿ ಹೊರಬಂತು. ಲಸಿಕೆಯ ನಂತರದ ಆ ಎರಡನೆಯ ವಾರದಲ್ಲೇ ಗೌರಿ ಮತ್ತು ಗಣೇಶ ಹಬ್ಬಗಳು ಬಂದಿದ್ದವು. ಎಣ್ಣೆಯ ವಾಸನೆ ತಡೆಯಲಾರದ ಹಿರಿಯ ಸೊಸೆಯನ್ನು ಅತ್ತೆಯೇ ಅಡುಗೆಮನೆಯಿಂದ ಹೊರಗೆ ಕಳುಹಿಸಿದ್ದರಿಂದ ಅವರಿಗೆ ಲಸಿಕೆಯ ನಂತರ ಎರಡು ವಾರ ಬಹುಮಟ್ಟಿಗೆ ವಿಶ್ರಾಂತಿ ಸಿಕ್ಕಿತ್ತು. ಚಕ್ಕುಲಿ, ಕಡುಬು, ಬಂದವರ ಊಟ ಎಲ್ಲವೂ ಜ್ವರ ಬಿಟ್ಟು ಎದ್ದಿದ್ದ ಕಿರಿಯ ಸೊಸೆಯ ಪಾಲಿಗೆ ಬಂದಿದ್ದವು. ಒಲೆಯ ಬಿಸಿಗೆ ನಿಂತು ಕೆಲಸ ಮಾಡುವುದು ಪಾಟ್ಸ್ ಇರುವವರಿಗೆ ಎಲ್ಲಕ್ಕಿಂತ ಕಷ್ಟ.

ಹಾಗೆಂದು ಲಸಿಕೆಯ ಪಾತ್ರವೇನೂ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಲಸಿಕೆಯ ನಂತರ ಪಾಟ್ಸ್ ಸ್ವಲ್ಪ ಹೆಚ್ಚಾಗಿ ಪತ್ತೆಯಾಗಬಹುದೆಂದು ಲಾಸ್ ಏಂಜಲೀಸ್‌ನಲ್ಲಿ ಸುಮಾರು 2.8 ಲಕ್ಷ ಲಸಿಕೆ ಪಡೆದವರ ದಾಖಲೆ ಪರಿಶೀಲಿಸಿದ ಅಧ್ಯಯನವೊಂದು 2022ರ ಡಿಸೆಂಬರ್‌ನಲ್ಲಿ ತೋರಿಸಿತು. ಲಸಿಕೆಯ ನಂತರಕ್ಕೆ ಹೋಲಿಸಿದರೆ ಕೋವಿಡ್ ಸೋಂಕಿನ ನಂತರ ಅದರ ಸಂಭವ ಸುಮಾರು ಐದು ಪಟ್ಟು ಎಂಬುದನ್ನೂ ಅದೇ ಅಧ್ಯಯನ ತೋರಿಸಿತು. ಇವರಿಗೆ ಲಕ್ಷಣಗಳು ಸೋಂಕಿನಿಂದಲೇ ಶುರುವಾಗಿದ್ದವು. ಲಸಿಕೆಯ ಜ್ವರ ಮತ್ತು ಹಬ್ಬದ ದುಡಿಮೆ ಒಂದರ ಮೇಲೊಂದು ಬಿದ್ದಾಗ ಯಾವುದರಿಂದ ಎಷ್ಟು ಎಂದು ಬಿಡಿಸಿ ಹೇಳಲು ದಾರಿಯಿಲ್ಲ. ಆದರೆ ಅತ್ತೆಯವರ ಪ್ರಶ್ನೆಯ ಆಧಾರವೇ ಅಲುಗಾಡಿತು: ಸೂಜಿ ಒಂದೇ ಆಗಿದ್ದರೂ ಅದರ ನಂತರದ ಎರಡು ವಾರಗಳು ಒಂದೇ ಆಗಿರಲಿಲ್ಲ.

ಎರಡನೆಯ ಡೋಸ್

ನವೆಂಬರ್‌ನಲ್ಲಿ 84 ದಿನ ತುಂಬಿದಾಗ ಹಿರಿಯ ಸೊಸೆ ಎರಡನೆಯ ಡೋಸ್ ಪಡೆದರು, ತೊಂದರೆಯಾಗಲಿಲ್ಲ. ಕಿರಿಯ ಸೊಸೆಯದನ್ನು ಮುಂದೂಡಿದೆವು. ಕೋವಿಶೀಲ್ಡ್‌ಗೆ 12ರಿಂದ 16 ವಾರಗಳ ಅಂತರ ನಿಗದಿಯಾಗಿದ್ದುದರಿಂದ ನಿಯಮ ಮೀರದೆಯೇ ಸ್ವಲ್ಪ ಕಾಲಾವಕಾಶ ಸಿಕ್ಕಿತು. ಮೊದಲು ನಾಡಿ ಹತೋಟಿಗೆ ಬರಲಿ, ನಂತರ ನಿರ್ಧರಿಸೋಣ ಎಂಬುದು ಯೋಚನೆ.

ಡಿಸೆಂಬರ್ 2ರಂದು ದೇಶದ ಮೊದಲ ಎರಡು ಓಮೈಕ್ರಾನ್ ಪ್ರಕರಣಗಳು ಕರ್ನಾಟಕದಲ್ಲೇ ಪತ್ತೆಯಾದ ಸುದ್ದಿ ಬಂತು. ಲಸಿಕೆಯಿಂದ ಮತ್ತೆ ಹದಗೆಡುವ ಭಯ ಒಂದು ಕಡೆ, ಇನ್ನೊಂದು ಸೋಂಕಿನಿಂದ ಇನ್ನೂ ಕೆಳಗೆ ಬೀಳುವ ಭಯ ಇನ್ನೊಂದು ಕಡೆ. ಲಸಿಕೆ ಬೇಡವೆನ್ನುವುದೂ ಒಂದು ಅಪಾಯವನ್ನು ಆರಿಸಿಕೊಳ್ಳುವುದೇ ಎಂದು ಗಂಡ ಹೆಂಡತಿ ಇಬ್ಬರಿಗೂ ವಿವರಿಸಿದೆ. ಲಸಿಕೆಯಿಂದ ಅವರ ಲಾಂಗ್ ಕೋವಿಡ್ ಗುಣವಾಗುತ್ತದೆ ಎಂದು ಮಾತ್ರ ನಾನು ಹೇಳಲಿಲ್ಲ. ಅಕ್ಕನಿಗಾದಂತೆ ತನಗೂ ಆಗುತ್ತದೆಂದು ನಂಬಿ, ಹಾಗಾಗದಿದ್ದಾಗ ಎರಡನೆಯ ಬಾರಿ ಸೋತೆನೆಂದುಕೊಳ್ಳುವುದು ಅವರಿಗೆ ಬೇಕಿರಲಿಲ್ಲ. ಎರಡು ದಿನ ಯೋಚಿಸಿ ಅವರೇ ಒಪ್ಪಿದರು. ಒಂದು ಷರತ್ತು ಹಾಕಿದರು: ಲಸಿಕೆಯ ನಂತರ ಎರಡು ವಾರ ತನ್ನನ್ನು ಯಾರೂ ಯಾವ ಕೆಲಸಕ್ಕೂ ಕರೆಯಬಾರದು.

ಅಡಿಕೆ ಕೊಯ್ಲಿನ ಕಾಲದಲ್ಲಿ ಇದು ಸಣ್ಣ ಷರತ್ತಲ್ಲ. ಕೊನೆ ಇಳಿಸುವವರು, ಸುಲಿಯುವ ಹೆಂಗಸರು, ರಾತ್ರಿಯವರೆಗೂ ಬೇಯಿಸುವ ಹಂಡೆ, ಅವರೆಲ್ಲರ ಊಟ ಚಹಾ ಸೇರಿ ಮನೆಯ ಹೆಂಗಸರಿಗೆ ಕುಳಿತುಕೊಳ್ಳಲೂ ಬಿಡುವಿರುವುದಿಲ್ಲ. ಅಲ್ಲಿ ಮಾತು ಮುಂದೆ ತಂದವರು ಹಿರಿಯ ಸೊಸೆ. "ಹಬ್ಬದಲ್ಲಿ ನನ್ನ ಪಾಲಿನದ್ದನ್ನೂ ಅವಳೇ ಮಾಡಿದಳಲ್ಲ ಅತ್ತೆ, ಕೊಯ್ಲಿನ ಅಡುಗೆ ನಾನು ನೋಡಿಕೊಳ್ಳುತ್ತೇನೆ" ಎಂದರಂತೆ. ಊಟಕ್ಕೆ ಸಹಾಯಕ್ಕೆಂದು ಊರಿನ ಒಬ್ಬರನ್ನು ಕೂಲಿಗೆ ಕರೆದರು. ಈ ಪ್ರಕರಣದಲ್ಲಿ ನಾನು ಕೊಟ್ಟ ಯಾವ ಮಾತ್ರೆಗಿಂತಲೂ ಈ ಏರ್ಪಾಡು ಹೆಚ್ಚು ಕೆಲಸ ಮಾಡಿತು ಎಂದು ನಾನು ನಂಬಿದ್ದೇನೆ.

ಡಿಸೆಂಬರ್ ಮಧ್ಯದಲ್ಲಿ, ಹಿಂದಿನ ಎರಡು ದಿನ ವಿಶ್ರಾಂತಿ ಪಡೆದು, ಉಪ್ಪುನೀರು ತಪ್ಪಿಸದೆ, ಅವರು ಎರಡನೆಯ ಡೋಸ್ ಪಡೆದರು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕಾಯಿತು. ನಾಡಿ ನಾಲ್ಕೈದು ದಿನ ಏರಿತ್ತು, ಹತ್ತನೆಯ ದಿನದ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿಯಿತು. ಅವರು ಸುಧಾರಿಸಲಿಲ್ಲ, ಹದಗೆಡಲೂ ಇಲ್ಲ.

ಜನವರಿ ಕೊನೆಯಲ್ಲಿ ಓಮೈಕ್ರಾನ್ ಈ ಮನೆಗೂ ಬಂತು. ಕಿರಿಯ ಸೊಸೆಗೆ ಮೂರು ದಿನ ಜ್ವರ, ಕೆಲವು ವಾರಗಳ ಹಿನ್ನಡೆ, ನಂತರ ಮತ್ತೆ ಹಿಂದಿನ ಸ್ಥಿತಿ. ನಾವು ಎದುರುನೋಡದ್ದು ಹಿರಿಯ ಸೊಸೆಯಲ್ಲಿ ನಡೆಯಿತು: ಪೂರ್ತಿ ಹೋಗಿತ್ತೆಂದುಕೊಂಡಿದ್ದ ಸುಟ್ಟ ವಾಸನೆ ಮರಳಿತು, ಸುಸ್ತೂ ಮರಳಿತು, ಎರಡೂ ಇಳಿಯಲು ಮಳೆಗಾಲವೇ ಬರಬೇಕಾಯಿತು. ಲವಂಗ, ನಿಂಬೆ, ನೀಲಗಿರಿ ಎಣ್ಣೆ, ಗುಲಾಬಿಗಳನ್ನು ದಿನಕ್ಕೆರಡು ಬಾರಿ ಮೂಸುವ ಅಭ್ಯಾಸವನ್ನು ಅವರು ಬಿಡದೆ ಮಾಡಿದರು. ಲಸಿಕೆಯಿಂದ ಗುಣವಾದವರು ಎಂದು ಮನೆ ಯಾರನ್ನು ತೋರಿಸುತ್ತಿತ್ತೋ ಅವರಿಗೇ ಕಾಯಿಲೆ ಮರುಕಳಿಸಿದ ಮೇಲೆ ಒಬ್ಬರನ್ನು ಮುಂದಿಟ್ಟು ಇನ್ನೊಬ್ಬರನ್ನು ಅಳೆಯುವ ಮಾತು ಆ ಮನೆಯಲ್ಲಿ ನಿಂತಿತು.

ಈ ಪ್ರಕರಣದಿಂದ ತಿಳಿದದ್ದು

ಲಾಂಗ್ ಕೋವಿಡ್ ಇರುವವರಿಗೆ ಲಸಿಕೆ ಕೊಡುವ ಮೊದಲು ನಿಂತಾಗಿನ ನಾಡಿ ನೋಡುವುದಕ್ಕೆ ಬೇಕಾದದ್ದು ಹತ್ತು ನಿಮಿಷ ಮತ್ತು ಒಂದು ಗೋಡೆ. ಮೊದಲ ಡೋಸಿಗೆ ಮುಂಚೆಯೇ ಆ ಪರೀಕ್ಷೆ ಆಗಿದ್ದರೆ ಹಬ್ಬದ ವಾರವನ್ನು ಬೇರೆ ರೀತಿ ಕಳೆಯಬಹುದಿತ್ತು. ಲಸಿಕೆಗೆ ಎರಡು ವಾರ ಮೊದಲು ಮತ್ತು ನಂತರದ ಆರು ವಾರ ಬರೆದಿಟ್ಟ ದಿನಚರಿಯೂ ಅಷ್ಟೇ ಮುಖ್ಯ. ಅದಿಲ್ಲದೆ ಲಸಿಕೆಯಿಂದಲೇ ಆಯಿತು ಎನ್ನುವವರಿಗೂ ಲಸಿಕೆಯಿಂದ ಆಗಲೇ ಇಲ್ಲ ಎನ್ನುವವರಿಗೂ ಆಧಾರವಿರುವುದಿಲ್ಲ. ಆ ದಿನಚರಿಯಲ್ಲಿ ಮನೆಗೆಲಸವನ್ನೂ ಕೆಲಸವೆಂದೇ ಬರೆಯಬೇಕು. "ಏನೂ ಮಾಡಲಿಲ್ಲ, ಮನೆಯಲ್ಲೇ ಇದ್ದೆ" ಎಂದು ಹೇಳುವ ಹೆಂಗಸರ ಆ ದಿನದೊಳಗೆ ಎಷ್ಟು ಗಂಟೆ ಒಲೆಯ ಮುಂದೆ ನಿಂತದ್ದಿದೆ ಎಂದು ವೈದ್ಯರೇ ಕೇಳಿ ತಿಳಿಯಬೇಕು.

2022ರ ಜುಲೈಯಲ್ಲಿ ಮೂರನೆಯ ಡೋಸ್ ಎಲ್ಲ ವಯಸ್ಕರಿಗೂ ಉಚಿತವಾದಾಗ ಹಿರಿಯ ಸೊಸೆ ಪಡೆದರು. ಎರಡು ಡೋಸ್ ಮತ್ತು ಎರಡು ಸೋಂಕು ಆಗಿದ್ದ, ಬೇರೆ ದೊಡ್ಡ ಕಾಯಿಲೆಗಳಿಲ್ಲದ ಕಿರಿಯ ಸೊಸೆ ಸದ್ಯಕ್ಕೆ ಬೇಡವೆಂದರು. ಅವರ ವಯಸ್ಸಿಗೆ ಆ ಡೋಸಿನಿಂದ ಸಿಗುವ ಹೆಚ್ಚಿನ ರಕ್ಷಣೆ ಸಣ್ಣದು, ಅವರ ಭಯಕ್ಕೆ ಕಾರಣವಿತ್ತು, ನಾನು ಒತ್ತಾಯಿಸಲಿಲ್ಲ. ಅದೇ ಮನೆಯ ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆಯಿದ್ದ ಮಾವನಿಗೆ ಮಾತ್ರ ತಪ್ಪಿಸಬೇಡಿ ಎಂದು ಗಟ್ಟಿಯಾಗಿಯೇ ಹೇಳಿದೆ. ಎರಡು ಸಲಹೆಗಳಲ್ಲಿ ವಿರೋಧವಿದೆಯೆಂದು ಕಿರಿಯ ಮಗನಿಗೆ ಮೊದಲು ಅನಿಸಿದರೂ ಅಪಾಯ ಮತ್ತು ಪ್ರಯೋಜನಗಳ ತೂಕ ಇಬ್ಬರಿಗೂ ಬೇರೆ ಎಂದು ವಿವರಿಸಿದಾಗ ಅವರು ಒಪ್ಪಿದರು.

2025ರ ಬೇಸಿಗೆಯ ನಂತರ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ, ಅವಕ್ಕೆ ಕೋವಿಡ್ ಲಸಿಕೆ ಕಾರಣವೆಂಬ ಮಾತಿನೊಂದಿಗೆ, ಎಲ್ಲ ಮನೆಗಳನ್ನೂ ತಲುಪಿದಾಗ ಕಿರಿಯ ಸೊಸೆ ಮತ್ತೆ ಬಂದರು. ಎದೆ ಡವಗುಟ್ಟಿದ ಪ್ರತಿ ಸಲವೂ ಈಗ ಅವರಿಗೆ ಸಾವಿನ ಯೋಚನೆ ಬರುತ್ತಿತ್ತು. ದೇಶದ 47 ಆಸ್ಪತ್ರೆಗಳಲ್ಲಿ 18ರಿಂದ 45ರ ವಯಸ್ಸಿನವರ ಹಠಾತ್ ಸಾವುಗಳನ್ನು ಪರಿಶೀಲಿಸಿದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ ಲಸಿಕೆಯಿಂದ ಆ ಅಪಾಯ ಹೆಚ್ಚಲಿಲ್ಲವೆಂದು 2023ರಲ್ಲೇ ಕಂಡುಕೊಂಡಿತ್ತು. ಕೋವಿಡ್‌ಗಾಗಿ ಆಸ್ಪತ್ರೆಗೆ ದಾಖಲಾಗಿದ್ದುದು, ಮನೆತನದಲ್ಲಿ ಹಠಾತ್ ಸಾವು ಸಂಭವಿಸಿದ್ದುದು, ಸಾವಿಗೆ ಸ್ವಲ್ಪ ಮೊದಲಿನ ವಿಪರೀತ ಕುಡಿತ ಮತ್ತು ತೀವ್ರ ದೈಹಿಕ ಶ್ರಮ ಅಪಾಯ ಹೆಚ್ಚಿಸಿದ್ದವು. ಹಾಸನದ ಸಾವುಗಳ ಬಗ್ಗೆ ರಾಜ್ಯ ಸರ್ಕಾರ ನೇಮಿಸಿದ ತಜ್ಞರ ಸಮಿತಿಯೂ ಲಸಿಕೆಯ ಮೇಲೆ ಹೊಣೆ ಹೊರಿಸಲಿಲ್ಲ. ಇದನ್ನು ಹೇಳಿ, ಇಸಿಜಿ ಮತ್ತು ಎಕೋ ಮತ್ತೊಮ್ಮೆ ಮಾಡಿಸಿ, ಪಾಟ್ಸ್‌ನ ಬಡಿತ ಹೆದರಿಸಿದರೂ ಹೃದಯದ ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆಯೇ ಬೇರೆ ಎಂದು ಚಿತ್ರ ಬರೆದು ತೋರಿಸಿದೆ. ಸುಮಾರು ನಾಲ್ಕು ವರ್ಷಗಳ ಹಿಂದೆ ಅವರ ಮಾತನ್ನು ತಳ್ಳಿಹಾಕಿದ್ದರೆ ಅಂದು ನನ್ನ ಈ ಮಾತನ್ನು ಅವರು ಕೇಳುತ್ತಿರಲಿಲ್ಲ.

ಈಗ ಅವರು ಸಂಘದಲ್ಲಿ ಅರ್ಧ ದಿನದ ಕೆಲಸಕ್ಕೆ ಮರಳಿದ್ದಾರೆ, ಮಾತ್ರೆ ನಿಲ್ಲಿಸಿಯಾಗಿದೆ, ಹೊಟ್ಟೆಪಟ್ಟಿ ಬೇಸಿಗೆಯಲ್ಲಿ ಮಾತ್ರ ಬೇಕಾಗುತ್ತದೆ. ಪೂರ್ತಿ ದಿನ ನಿಂತು ಮಾಡುವ ಕೆಲಸ ಇನ್ನೂ ಆಗುವುದಿಲ್ಲ. ಹಿರಿಯ ಸೊಸೆಗೆ ನೆಗಡಿಯಾದಾಗಲೆಲ್ಲ ವಾಸನೆ ಕೆಲವು ದಿನ ಕೆಡುತ್ತದೆ, ತಾನಾಗಿಯೇ ಸರಿಹೋಗುತ್ತದೆ.